ಸೋಡಾ ನೀರಿನ ನ್ಯಾಯ

ನಮ್ಮ ಸಾವ್ಕಾರರ ಮಗ ಎರಡು ಕಾಲೇಜು ಕಂಡವನು. ಬಾಗಲಕೋಟೆಯಲ್ಲಿ ರಸಾಯನಶಾಸ್ತ್ರ ಮುಗಿಸಿ, ಅದು ಸಾಲದೆಂದು ಧಾರವಾಡಕ್ಕೆ ಹೋಗಿ ಅಪರಾಧ ಕಾನೂನು ಓದುತ್ತಿದ್ದ. ನಾನು ನಾಲ್ಕನೆಯ ಇಯತ್ತೆಗೇ ಶಾಲೆ ಬಿಟ್ಟವನು. ಇಳಕಲ್ಲಿನಲ್ಲಿ ಅವರ ಬಣ್ಣದ ಮನೆಯಲ್ಲಿ ಸೀರೆಯ ಸೆರಗಿನ ರೇಷ್ಮೆಗೆ ಕೆಂಪು ಹಾಕುವ ಕೆಲಸ ನನ್ನದು. ಆ ಕೆಲಸಕ್ಕೆ ನಾನು ಎಂದೂ ನಾಚಿಲ್ಲ.

ಎಂಬತ್ತರ ದಶಕದ ಮೊದಲ ವರ್ಷಗಳ ಮಾತು. ರಜೆಗೆ ಬಂದಾಗಲೆಲ್ಲ ಅವನು ಒಲೆಯ ಹತ್ತಿರ ನಿಂತು, ಹಂಡೆಯೊಳಗೆ ಏನು ಯಾವುದರ ಜೊತೆ ಕೂಡುತ್ತದೆ ಎಂದು ನಮಗೆ ಪಾಠ ಹೇಳುತ್ತಿದ್ದ. ಹಬೆ ಮುಖಕ್ಕೆ ಬಡಿದ ಕೂಡಲೇ ಮೂಗಿಗೆ ಕರವಸ್ತ್ರ ಹಿಡಿದು ಹೊರಗೆ ಹೋಗುತ್ತಿದ್ದ. ಪಾಠವೂ ಅಲ್ಲಿಗೇ ಮುಗಿಯುತ್ತಿತ್ತು.

ಒಂದು ಬೇಸಿಗೆಯಲ್ಲಿ ರೇಷ್ಮೆ ನೂಲಿನ ಲಡಿಗಳು ಒಂದೊಂದಾಗಿ ಕಾಣೆಯಾಗತೊಡಗಿದವು. ಬಾಗಿಲಿನ ಕೀಲಿಕೈ ಒಂದು ಸಾವ್ಕಾರರ ಸೊಂಟದಲ್ಲಿ, ಇನ್ನೊಂದು ನನ್ನ ಹತ್ತಿರ. ಬಾಯಿಬಿಟ್ಟು ಯಾರೂ ಏನೂ ಅನ್ನಲಿಲ್ಲ; ಕಣ್ಣುಗಳೆಲ್ಲ ನನ್ನ ಮೇಲೆಯೇ ಇದ್ದವು. ನನ್ನ ಹೆಸರು ಉಳಿಯುತ್ತದೋ ಹೋಗುತ್ತದೋ ಎನ್ನುವ ಹೊತ್ತಿಗೆ ಈ ಮಗರಾಯ ರಜೆಗೆ ಬಂದ.

ಒಂದು ಬೆಳಿಗ್ಗೆ ನಾವೆಲ್ಲ ಒಳಗೆ ಬಂದು ಕೆಲಸಕ್ಕೆ ಕೂರುವ ಮೊದಲೇ ಬಾಗಿಲು ಹಾಕಿಸಿದ. ಅಂಗಳದಲ್ಲಿ ಬಟ್ಟೆ ಒಗೆಯುವ ಸೋಡಾ ಕರಗಿಸಿದ ಒಂದು ಬಕೆಟ್ ನೀರು, ಪಕ್ಕದಲ್ಲಿ ಸಾಲಾಗಿ ಗಾಜಿನ ಗ್ಲಾಸುಗಳು.

"ನಿನ್ನಿ ಸಂಜಿಕ ನೀವೆಲ್ಲಾ ಹೋದಮ್ಯಾಲೆ ರೇಷ್ಮಿ ಗಂಟಿಗೆ ಒಂದು ಪುಡಿ ಸವರೇನಿ," ಎಂದ. "ಲಂಚ ತಿನ್ನೋರನ್ನ ಪೊಲೀಸ್ರು ಹಿಂಗ ಹಿಡೀತಾರ. ಮುಟ್ಟಿದವ ಈ ನೀರಾಗ ಕೈ ಅದ್ದಿದ್ರ ನೀರು ಗುಲಾಬಿ ಆಗ್ತೈತಿ. ಕೋರ್ಟ್ ಸುದ್ದಾ ಒಪ್ತೈತಿ. ರಾತ್ರಿ ಮತ್ತೊಂದು ಲಡಿ ಹೋಗೇತಿ. ಬರ್ರಿ ಕಾಕಾ, ಮೊದ್ಲ ನೀವು," ಎಂದು ನನ್ನನ್ನು ಕರೆದ.

ರಾತ್ರಿ ಕದ್ದವನು ಬೆಳಿಗ್ಗೆವರೆಗೆ ಕೈ ತೊಳೆಯದೆ ಇರುತ್ತಾನೆಯೇ? ಅದು ಎರಡು ಕಾಲೇಜಿನ ಯಾವ ಪುಸ್ತಕದಲ್ಲೂ ಇದ್ದಂತಿರಲಿಲ್ಲ. ಕದ್ದಿರದ ನಾನು ಧೈರ್ಯವಾಗಿಯೇ ಕೈ ಅದ್ದಿದೆ. ನೀರು ಗುಲಾಬಿಯಾಯಿತು.

ಸಾವ್ಕಾರರು ನನ್ನನ್ನೇ ನೋಡಿದರು. "ಮನಿ ಮಗನಂಗ ಇಟ್ಕೊಂಡಿದ್ನೆಲ್ಲೋ. ಕಡೀಕ ಕಳ್ಳ ನೀನ ಆದೇನು?"

ಎಲ್ಲರೂ ಕೇಳಿಸಿಕೊಂಡರು. ಅಷ್ಟರಲ್ಲಿ ಮಗ ಮುಂದಿನವನನ್ನು ಕರೆದ. ಅವನು ಕಟ್ಟಿಗೆ ಒಡೆಯುವ ಆಳು. ಅವನ ನೀರೂ ಗುಲಾಬಿ.

"ಇಬ್ರೂ ಕೂಡೇ ಮಾಡ್ಯಾರ," ಎಂದ ಮಗ. ಅಪರಾಧ ಕಾನೂನಿನಲ್ಲಿ ಅದಕ್ಕೂ ಒಂದು ಕಲಮು ಇದೆಯಂತೆ, ಅದನ್ನೂ ಹೇಳಿದ.

ಆಮೇಲೆ ರೇಷ್ಮೆ ಸುತ್ತುವ ಮುದುಕಿ ತಾನಾಗಿಯೇ ಬಂದು ಕೈ ಅದ್ದಿದಳು. ಅದೂ ಗುಲಾಬಿ. "ನನ್ನೂ ಹಿಡ್ಕೊಂಡ್ ಹೋಗ್ರಿ ಸಣ್ಣ ಸಾವ್ಕಾರ," ಎಂದಳು. "ಈ ವಯಸ್ಸಿನ್ಯಾಗ ಜೈಲಿನ್ಯಾಗರ ಕುಂತು ಉಣ್ತೇನಿ." ಯಾರೋ ಕಿಸಕ್ಕನೆ ನಕ್ಕರು. ಮುದುಕಿ ಸಾವ್ಕಾರರ ಕಡೆ ತಿರುಗಿದಳು. "ನೀವೂ ಕೈ ಅದ್ದ್ರಿ ಯಪ್ಪಾ, ನೋಡೋಣು."

ಸಾವ್ಕಾರರು ಅದ್ದಿದರು. ಎಲ್ಲರಿಗಿಂತ ಗಾಢವಾದ ಗುಲಾಬಿ ಅವರದೇ.

ವಿಷಯ ಇಷ್ಟೇ. ನಮ್ಮಲ್ಲಿ ಬೆಳಿಗ್ಗೆ ಒಳಗೆ ಬಂದವರು ಚಪ್ಪಲಿ ಬಿಟ್ಟು, ರೇಷ್ಮೆಯ ಗಂಟನ್ನು ಮುಟ್ಟಿ ಕಣ್ಣಿಗೊತ್ತಿಕೊಂಡೇ ಕೆಲಸಕ್ಕೆ ಕೂರುವುದು. ಆ ಮಗನ ಅಜ್ಜನ ಕಾಲದಿಂದ ನಡೆದು ಬಂದದ್ದು. ಆ ಬೆಳಿಗ್ಗೆಯೂ ಎಲ್ಲರೂ ಮುಟ್ಟಿದ್ದೆವು; ಅಭ್ಯಾಸವಾಗಿ ಹೋದದ್ದರಿಂದ ಕೈ ಅದ್ದುವಾಗ ನನಗೂ ಅದು ನೆನಪಾಗಿರಲಿಲ್ಲ. ಸಾವ್ಕಾರರಂತೂ ಎರಡೂ ಅಂಗೈಯೂರಿ ಒತ್ತಿಕೊಳ್ಳುತ್ತಿದ್ದರು. ಅದೇ ಮನೆಯಲ್ಲಿ ಹುಟ್ಟಿದ ಮಗನಿಗೆ ಇದು ಗೊತ್ತಿರಲಿಲ್ಲ, ಯಾಕೆಂದರೆ ಆ ದಿನದವರೆಗೆ ಬೆಳಗಿನ ಹೊತ್ತು ಅವನು ಎದ್ದದ್ದನ್ನು ನಾವ್ಯಾರೂ ಕಂಡಿರಲಿಲ್ಲ.

ಮಂದಿ ನಗುತ್ತ ಕೆಲಸಕ್ಕೆ ಹೊರಟರು. ನಾನು ಕದಲಲಿಲ್ಲ.

"ಸಾವ್ಕಾರ್ರ, ಇಷ್ಟ್ ಮಂದಿ ಮುಂದ ನನ್ನ ಕಳ್ಳ ಅಂದ್ರಿ. ಇದ ಮಂದಿ ಮುಂದ ಅಲ್ಲ ಅನ್ರಿ."

ನನ್ನನ್ನು ಚಿಕ್ಕಂದಿನಿಂದ ಬಲ್ಲ ಆ ಮನುಷ್ಯ ಮಗನ ಮುಖ ನೋಡಿದ. ಮಗ ಗಂಟಲು ಸರಿಮಾಡಿಕೊಂಡ. "ಹಂಗ ಹೇಳಾಕ ಬರೂದಿಲ್ಲ ಕಾಕಾ. ಪುರಾವೆ ಕೆಟ್ಟೈತಿ, ಅಷ್ಟ. ನಿಮಗ ಸಂಶಯದ ಲಾಭ ಕೊಟ್ಟಂಗಾತು."

"ಸಂಶಯ ನಿಮ್ಮದು ತಮ್ಮಾ, ಅದರ ಲಾಭ ನನಗ್ಯಾಕ?" ಎಂದು ಕೀಲಿಕೈಯನ್ನು ಗ್ಲಾಸುಗಳ ಪಕ್ಕದಲ್ಲಿಟ್ಟು ಹೊರಬಿದ್ದೆ.

ರೇಷ್ಮೆ ಕದ್ದವರು ಯಾರೆಂದು ಇವತ್ತಿಗೂ ನನಗೆ ಗೊತ್ತಿಲ್ಲ. ಕಮತಗಿ ಎಂಬ ಊರಿಗೆ ಹೋಗಿ ಕೆಲಸ ಹಿಡಿದೆ. ಮಳೆಗಾಲದ ಹೊತ್ತಿಗೆ ಸಾವ್ಕಾರರು ಅಲ್ಲಿಗೇ ನನ್ನ ಮನೆಗೆ ಬಂದರು. ಮಂಚದ ಮೇಲೆ ಕೂತು, ಸಣ್ಣ ದನಿಯಲ್ಲಿ, "ನೀ ಕಳ್ಳ ಅಲ್ಲೋ. ನನಗ ಗೊತ್ತೈತಿ. ವಾಪಸ್ ಬಾ," ಎಂದರು.

ನಾನು ಚಹಾ ಕೊಟ್ಟೆ. "ಇಲ್ಲಿ ಕೇಳಾಕ ಯಾರದಾರ್ರಿ? ಇಳಕಲ್ಲಿನ್ಯಾಗ ಹೇಳ್ರಿ, ಬರ್ತೇನಿ."

ಅವರು ಚಹಾ ಪೂರ್ತಿ ಕುಡಿದರು, ಚಲೋ ಆಗೇತಿ ಎಂದರು, ಬಸ್ಸಿನ ಹೊತ್ತಾಯಿತೆಂದು ಎದ್ದರು. ಇಳಕಲ್ಲಿನಲ್ಲಿ ಅವರು ಆ ಮಾತು ಹೇಳಲಿಲ್ಲ. ನಾನೂ ಹೋಗಲಿಲ್ಲ.