ಎಂ. ರತ್ನ, ಅವಿವಾಹಿತೆ

ಚನ್ನಪಟ್ಟಣದ ಮುನಿರತ್ನಮ್ಮನಿಗೆ ಹದಿಮೂರು ತುಂಬುವ ಮೊದಲೇ ಸೋದರಮಾವ ಹುಚ್ಚಯ್ಯನ ಜೊತೆ ಮದುವೆ ಮಾಡಿಬಿಟ್ಟಿದ್ದರು. ಅವಳ ತಾಯಿ ಗಂಗಲಕ್ಷ್ಮಮ್ಮನಿಗೆ ತನ್ನ ಗಂಡ ಸತ್ತ ಮೇಲೆ ಇದ್ದ ಆಸರೆಯೆಂದರೆ ಆ ತಮ್ಮನೊಬ್ಬನೇ. ಮಗಳನ್ನು ಕೊಟ್ಟರೆ ಅವನು ಕೈಬಿಡಲಾರ ಅಂದುಕೊಂಡಳು. ಆದರೆ ಹುಡುಗಿ ಮೈನೆರೆಯುವಷ್ಟರಲ್ಲಿ ಹುಚ್ಚಯ್ಯ ಸಾತನೂರಿನ ಕಡೆ ಇನ್ನೊಬ್ಬಳನ್ನು ಕಟ್ಟಿಕೊಂಡು ಅಲ್ಲೇ ನಿಂತ. ಮುನಿರತ್ನ ಒಂದು ದಿನವೂ ಅವನೊಂದಿಗೆ ಬಾಳಲಿಲ್ಲ. ತಾಯಿ ರೇಷ್ಮೆ ಫಿಲೇಚರ್ ಕಾರ್ಖಾನೆಯಲ್ಲಿ ಬಿಸಿನೀರಿಗೆ ಕೈಯಿಟ್ಟು ಗೂಡಿನಿಂದ ನೂಲು ತೆಗೆದು ಮಗಳನ್ನು ಎಸ್ಸೆಸ್ಸೆಲ್ಸಿವರೆಗೆ ಓದಿಸಿದಳು. ಮದುವೆಯ ಮಾತನ್ನು ಮಾತ್ರ ಇಬ್ಬರೂ ಎತ್ತುತ್ತಿರಲಿಲ್ಲ.

ಇಪ್ಪತ್ತಕ್ಕೆ ಬೆಂಗಳೂರಿನ ಸೀರೆ ಅಂಗಡಿಯೊಂದರಲ್ಲಿ ಕೆಲಸ ಸಿಕ್ಕಿತು. ದಿನಾ ಬೆಳಿಗ್ಗೆ ರೈಲಿನಲ್ಲಿ ಹೋಗುವಾಗ ತಾಳಿ ಬಿಚ್ಚಿ ಚೀಲದಲ್ಲಿಡುತ್ತಿದ್ದಳು, ಸಂಜೆ ಊರು ಹತ್ತಿರವಾದಾಗ ಮತ್ತೆ ಹಾಕಿಕೊಳ್ಳುತ್ತಿದ್ದಳು. ಎತ್ತರದ ಹುಡುಗಿ. ಅವಳು ಸೆರಗು ಹೊದ್ದು ತೋರಿಸಿದರೆ ಗಿರಾಕಿಗಳು ಅದೇ ಸೀರೆ ಬೇಕೆನ್ನುತ್ತಿದ್ದರು. ಅಂಗಡಿಯ ಮ್ಯಾನೇಜರ್ ಮುಕ್ತಿಯಾರ್ ಸಾಹೇಬರು, ದೇಶದ ಸುಂದರಿಯನ್ನು ಆರಿಸುವ ಸ್ಪರ್ಧೆಗೆ ಅರ್ಜಿ ತಂದುಕೊಟ್ಟರು. ಟಿ.ವಿ. ಇನ್ನೂ ಬೆಂಗಳೂರಿಗೆ ಬಂದಿರದ ಕಾಲ. ಗೆದ್ದವಳ ಫೋಟೋ ಪತ್ರಿಕೆಯಲ್ಲಿ ಬರುತ್ತಿತ್ತು, ವಿಮಾನದಲ್ಲಿ ಪರದೇಶಕ್ಕೆ ಕಳಿಸುತ್ತಿದ್ದರು, ಅಷ್ಟೇ ಜನಕ್ಕೆ ಗೊತ್ತಿದ್ದದ್ದು. ಅರ್ಜಿಯಲ್ಲಿ ಎತ್ತರ, ತೂಕ, ಸೊಂಟದ ಸುತ್ತಳತೆ ಎಲ್ಲ ಕೇಳಿದ್ದರು. ಸಾಹೇಬರು ಹೆಸರನ್ನು ಎಂ. ರತ್ನ ಎಂದು ಚಿಕ್ಕದು ಮಾಡಿದರು. ‘ಅವಿವಾಹಿತೆ’ ಎಂಬಲ್ಲಿ ಗುರುತು ಹಾಕಿದವಳು ಮಾತ್ರ ಅವಳೇ.

ಬೆಂಗಳೂರಿನ ಸುತ್ತಿನಲ್ಲಿ ಅವಳು ಗೆದ್ದಳು. ಕೊನೆಯ ಸುತ್ತಿಗೆ ಬೊಂಬಾಯಿಗೆ ಹೊರಟಳು. ಪತ್ರಿಕೆಯಲ್ಲಿ ಫೋಟೋ ಬಂದದ್ದೇ ಬೀದಿಯಲ್ಲಿ ಗುಸುಗುಸು ಶುರುವಾಯಿತು. ಲಂಗುಲಗಾಮಿಲ್ಲದ ಹುಡುಗಿ, ಯಾರ ಜೊತೆ ಹೋದಳೋ ಎಂದು ಫಿಲೇಚರಿನ ಹೆಂಗಸರೂ ಆಡಿಕೊಂಡರು. ಅದೇ ವಾರ ಒಬ್ಬ ವರದಿಗಾರ ಗಂಗಲಕ್ಷ್ಮಮ್ಮನನ್ನು ಹುಡುಕಿಕೊಂಡು ಬಂದು, ಮಗಳಿಗೆ ಎಂಥ ಗಂಡು ನೋಡುತ್ತೀರಿ ಎಂದು ಕೇಳಿದ. ಎಲ್ಲರಿಗೂ ಕೇಳುವ ಹಾಗೆ ಅವಳು ಹೇಳಿದಳು: “ಮದ್ವೆ ಆಗೈತೆ ಸ್ವಾಮಿ. ನನ್ ತಮ್ಮನ್ಗೇ ಕೊಟ್ಟಿವ್ನಿ.”

ಸ್ಪರ್ಧೆಗೆ ಎರಡು ದಿನ ಇರುವಾಗ ಬೊಂಬಾಯಿಯ ಹೋಟೆಲಿನಲ್ಲಿ ಸ್ಪರ್ಧೆಯವರು ಮುನಿರತ್ನಳನ್ನು ಒಳಗೆ ಕರೆಸಿದರು. ಮೇಜಿನ ಮೇಲೆ ತಾಯಿಯ ಮಾತು ಅಚ್ಚಾಗಿದ್ದ ಪತ್ರಿಕೆ ಇತ್ತು. ಮದುವೆಯಾಗಿದ್ದು ಹೌದು, ಆಗ ತನಗೆ ಹದಿಮೂರೂ ಆಗಿರಲಿಲ್ಲ ಎಂದಳು. ಎದುರಿಗಿದ್ದ ಹೆಂಗಸು ಅಯ್ಯೋ ಪಾಪ ಅಂದರೂ ಅವಿವಾಹಿತೆಯರಿಗೆ ಮಾತ್ರ ಎಂಬ ನಿಯಮ ಮೀರುವ ಹಾಗಿಲ್ಲ ಎಂದಳು. ರೈಲಿನ ಟಿಕೆಟ್ಟು ಕೊಟ್ಟು ಕಳಿಸಿದರು.

ಮನೆಗೆ ಬಂದವಳು ಮೂರು ದಿನ ತನ್ನ ಅಡುಗೆ ತಾನೇ ಮಾಡಿಕೊಂಡಳು. ನಾಲ್ಕನೆಯ ದಿನ ಗಂಗಲಕ್ಷ್ಮಮ್ಮನೇ ಬಾಯಿಬಿಟ್ಟಳು.

“ಜನ ಇಲ್ದುದ್ದೆಲ್ಲ ಆಡ್ಕತಿದ್ರು ಕಣವ್ವ. ಮದ್ವೆ ಆಗೈತೆ ಅಂತ ಪೇಪರ್ನಲ್ಲೇ ಬಂದ್ರೆ ಬಾಯ್ ಮುಚ್ಕತಾರೆ ಅಂದ್ಕಂಡೆ. ನಿನ್ ಮಾನ ಉಳೀಲಿ ಅಂತ.”

ಆ ವೇಳೆಗೆ ಅಂಗಡಿಯ ಮಾಲೀಕರೂ ಮಗಳಿಗೆ ಕೆಲಸಕ್ಕೆ ಬರಬೇಡ ಎಂದಿದ್ದರು.

ಹುಚ್ಚಯ್ಯ ಬಂದದ್ದು ಆಮೇಲೆ, ಊರಿನ ಇಬ್ಬರು ಯಜಮಾನರನ್ನು ಕರೆದುಕೊಂಡು. ಮನೆತನದ ಹೆಸರು ಹಾಳಾಯಿತು, ಹೊರಡು, ನನ್ನ ಮನೆಯ ಹಿಂದಿನ ಕೋಣೆಯಲ್ಲಿ ಬಿದ್ದಿರು ಎಂದ. ಮುನಿರತ್ನ ಚೀಲದಿಂದ ತಾಳಿ ತೆಗೆದು ಅವನ ಮುಂದಿಟ್ಟಳು. ಯಜಮಾನರು ಗದರಿದರು. ಗಂಗಲಕ್ಷ್ಮಮ್ಮ ತಮ್ಮನ ಮುಖ ನೋಡದೆ, “ಅದನ್ನ ಎತ್ಕಂಡ್ ಹೋಗಪ್ಪ,” ಎಂದಳು. ಅವನು ಹೋದ. ಮತ್ತೆ ಆ ಮನೆಯ ಹೊಸ್ತಿಲು ತುಳಿಯಲಿಲ್ಲ. ತಮ್ಮನನ್ನು ಕಳೆದುಕೊಂಡ ಸಂಕಟವನ್ನು ಅವಳು ಒಳಗೇ ನುಂಗಿದಳು. ಹಬ್ಬದ ದಿನಗಳಲ್ಲಿ ಮಾತ್ರ ಅದು ಮಗಳ ಮೇಲಿನ ಸಿಡುಕಾಗಿ ಹೊರಬೀಳುತ್ತಿತ್ತು.

ಮುನಿರತ್ನಮ್ಮ ರವಿಕೆ ಹೊಲಿಯುವುದನ್ನು ಕಲಿತಳು. ಹೊಸಬರು ಮನೆ ಕೇಳಿದರೆ ಬೀದಿಯವರು ‘ಬೊಂಬಾಯಿ ರತ್ನ’ನ ಮನೆ ಎಂದೇ ತೋರಿಸುತ್ತಿದ್ದರು.

ತೊಂಬತ್ತಾರರಲ್ಲಿ ಲೋಕಸುಂದರಿ ಸ್ಪರ್ಧೆ ಬೆಂಗಳೂರಿಗೇ ಬಂದಾಗ ಅದನ್ನು ವಿರೋಧಿಸಿ ಅಲ್ಲಲ್ಲಿ ಸಭೆಗಳಾದವು. ಮಹಿಳಾ ಸಂಘವೊಂದರ ಶಿವಲಿಂಗಮ್ಮ ಮೇಡಂ ಹಳೆಯ ಸುದ್ದಿ ಕೆದಕಿ ಅವಳನ್ನು ಹುಡುಕಿಕೊಂಡು ಬಂದರು. ಸ್ಪರ್ಧೆಯವರು ಮಾಡಿದ ಅವಮಾನವನ್ನು ವೇದಿಕೆಯ ಮೇಲೆ ಹೇಳಬೇಕೆಂದು ಒತ್ತಾಯಿಸಿದರು. ಅವಳು ಹೋದಳು. ಅಳತೆ ಟೇಪು ಹಿಡಿದು ನಿಲ್ಲಿಸಿದ್ದನ್ನು ಹೇಳಿದಾಗ ಚಪ್ಪಾಳೆ ಬಿತ್ತು. ಆಮೇಲೆ ಅವಳು, “ಮದ್ವೆ ಆಗೈತಾ ಅಂತ ಅವ್ರು ಒಂದ್ಸಲನಾದ್ರೂ ನನ್ನ ಕೇಳುದ್ರು. ಮದ್ವೆ ಮಾಡ್ದೋರು ಏನೂ ಕೇಳ್ನಿಲ್ಲ,” ಎಂದಳು. ಸಂಘದ ವರದಿಯಲ್ಲಿ ಆ ಮಾತು ಅಚ್ಚಾಗಲಿಲ್ಲ.

ಆದರೆ ಸಭೆ ಮುಗಿದ ಮೇಲೆ ಒಬ್ಬ ವಕೀಲೆ ಅವಳನ್ನು ಬದಿಗೆ ಕರೆದು, ಕಾನೂನಿನ ಪ್ರಕಾರ ನೀನಿನ್ನೂ ಅವನ ಹೆಂಡತಿಯೇ ತಾಯಿ ಎಂದಳು. ಮುಂದಿನ ವರ್ಷ ಮುನಿರತ್ನಮ್ಮ ರಾಮನಗರದ ಕೋರ್ಟಿನಲ್ಲಿ ವಿಚ್ಛೇದನಕ್ಕೆ ಹಾಕಿದಳು. ಹುಚ್ಚಯ್ಯ ಒಂದು ವಾಯಿದೆಗೂ ಬರಲಿಲ್ಲ. ತೀರ್ಪು ಕೈಗೆ ಬಂದಾಗ ಅವಳಿಗೆ ನಲವತ್ತೆರಡು. ಮನೆಗೆ ತಂದು ತಾಯಿಗೆ ಓದಿ ಹೇಳಿದಳು. ಗಂಗಲಕ್ಷ್ಮಮ್ಮ ತಮ್ಮನ ಹೆಸರಿದ್ದ ಸಾಲನ್ನು ಇನ್ನೊಮ್ಮೆ ಓದಿಸಿಕೊಂಡಳು.