ರಜೆಯಲ್ಲಿದ್ದ ಕಣ್ಣು

ಹರಿಹರದ ಬಸ್ ನಿಲ್ದಾಣದ ಎದುರು ಗಡಿಯಾರ ರಿಪೇರಿಯ ಗಾಜಿನ ಪೆಟ್ಟಿಗೆ ಇಟ್ಟುಕೊಂಡು ಕೂರುವ ಜಮಾಲ್ ಸಾಬ್, ನಲವತ್ತು ವರ್ಷ ತಮ್ಮ ಕಸುಬನ್ನು ಬಲಗಣ್ಣೊಂದರಿಂದಲೇ ನಡೆಸಿದವರು. ಅದರ ಹುಬ್ಬು ಕೆನ್ನೆಗಳ ನಡುವೆ ಪುಟ್ಟ ಭೂತಗನ್ನಡಿ ಸಿಗಿಸಿ, ಎಡಗಣ್ಣು ಮುಚ್ಚಿ, ಸಾಸಿವೆಗಿಂತ ಸಣ್ಣ ತಿರುಪನ್ನು ಚಿಮುಟದಲ್ಲಿ ಎತ್ತಿ ಕೂರಿಸುವರು.

“ಏನ್ ಸಾಬ್ರೆ, ಎಡಗಣ್ಣಿಗೆ ದಿನಾ ರಜೆನಾ?” ಎಂದು ಪಕ್ಕದ ಬೀಡಾ ಅಂಗಡಿಯ ಸೂರಪ್ಪ ಕಿಚಾಯಿಸುತ್ತಿದ್ದ.

“ಅದು ಪ್ಯಾಕಿಂಗ್ ಬಿಚ್ಚದ ಮಾಲು ಕಣೋ. ಬಲದ್ದು ಸವೀಲಿ, ಆಮೇಲೆ ತೆಗಿತೀನಿ.”

ಹೇಳುತ್ತಿದ್ದುದು ನಗುತ್ತಲೇ, ಆದರೆ ನಂಬಿಯೇ. ಹಾಗಾಗಿ ಬಲಗಣ್ಣಿಗೆ ಪೊರೆ ಬಂದು ಡಯಲಿನ ಅಂಕಿಗಳು ಹಾಲಿನಲ್ಲಿ ಅದ್ದಿದಂತೆ ಮಸುಕಾದಾಗಲೂ ಹೆದರಲಿಲ್ಲ. ಹದಿನಾಲ್ಕು ವರ್ಷದ ಸಕ್ಕರೆ ಕಾಯಿಲೆಗೂ ಹೆದರಿದವರಲ್ಲ. ಮೈ ಹಗುರವೆನಿಸಿದ ವಾರ ಮಾತ್ರೆ ಬಿಡುವರು. ಈಚೆಗೆ ಕಣ್ಣ ಮುಂದೆ ಕಪ್ಪು ಎಳೆಗಳು ತೇಲುತ್ತಿದ್ದವು. ಅದೂ ಪೊರೆಯದೇ ಕಾಟ ಅಂದುಕೊಂಡರು.

ಪೊರೆ ತೆಗೆಸಲೆಂದು ಹೆಂಡತಿ ಮಾಬೂಬೀ ಜೊತೆ ದಾವಣಗೆರೆಯ ಕಣ್ಣಾಸ್ಪತ್ರೆಗೆ ಬಂದರು. ಡಾಕ್ಟರಮ್ಮ ಅವರ ಬಲಗಣ್ಣನ್ನು ಅಂಗೈಯಿಂದ ಮುಚ್ಚಿದರು.

“ಎಷ್ಟು ಬೆರಳು ಹೇಳಿ.”

“ಮೊದ್ಲು ಲೈಟ್ ಹಾಕ್ರಿ.”

ಡಾಕ್ಟರಮ್ಮ ಬೆರಳುಗಳನ್ನು ಇನ್ನಷ್ಟು ಹತ್ತಿರ ತಂದರು.

“ಲೈಟ್ ಉರೀತಾ ಐತಲ್ರೀ...” ಎಂದಳು ಮಾಬೂಬೀ.

ಜಮಾಲ್ ಸಾಬ್ ಕುರ್ಚಿಯ ಕೈ ಹಿಡಿದುಕೊಂಡರು.

ಸ್ಕ್ಯಾನ್ ನೋಡಿ ಡಾಕ್ಟರಮ್ಮ ಬಿಡಿಸಿ ಹೇಳಿದರು: “ಸಕ್ಕರೆಯಿಂದ ಎಡಗಣ್ಣಿನ ಒಳಗೆ ರಕ್ತನಾಳ ಒಡೆದಿದೆ. ಅಲ್ಲಿ ಕಟ್ಟಿದ ನಾರು ಹಿಂದಿನ ಪರದೆಯನ್ನ ಎಳೀತಾ ಇದೆ. ಆಪರೇಷನ್ ಮಾಡಿ ರಕ್ತ, ನಾರು ತೆಗೆದು ಒಳಗೇ ಲೇಸರ್ ಕೊಡಬೇಕು. ಈ ವಾರವೇ.”

“ಪೊರೆ?”

“ಬಲಗಣ್ಣಿನ ಪರದೆಗೂ ಬಾವು ಬಂದಿದೆ. ಅದಕ್ಕೆ ಮೊದಲು ಇಂಜೆಕ್ಷನ್. ಬಾವು ಇಳಿದ ಮೇಲೆ ಪೊರೆ ತೆಗೆದು ಲೆನ್ಸ್ ಹಾಕೋಣ. ಪೊರೆ ಕಾಯುತ್ತೆ, ಎಡಗಣ್ಣು ಕಾಯಲ್ಲ.”

“ಬ್ಯಾಡ್ರೀ. ದುಡಿಯೋ ಕಣ್ಣು ಬಲದ್ದು, ಅದನ್ನೇ ಮೊದ್ಲು ಮಾಡ್ರಿ. ಇದು ಹೆಂಗೂ ಸುಮ್ನೆ ಕೂತಿದ್ದ ಕಣ್ಣು.”

“ಎಡಗಣ್ಣಿನ ಪರದೆ ಪೂರ್ತಿ ಕಿತ್ತು ಬಂದ್ರೆ ಆಮೇಲೆ ಕಷ್ಟ.”

“ಮಾಡಿದ್ರೆ ಮುಂಚಿನಂಗೆ ಕಾಣ್ತೈತಾ?”

“ಮಾತು ಕೊಡೋಕಾಗಲ್ಲ. ಓಡಾಡೋಷ್ಟು ಬಂದ್ರೂ ದೊಡ್ಡದು. ಹೊರಗೆ ಕೂತು ಯೋಚನೆ ಮಾಡಿ.”

ಹೊರಗಿನ ಬೆಂಚಿನ ಮೇಲೆ ಜಮಾಲ್ ಸಾಬ್ ಜೇಬಿನಿಂದ ಭೂತಗನ್ನಡಿ ತೆಗೆದರು. ಜೀವನದಲ್ಲಿ ಮೊದಲ ಸಲ ಎಡಗಣ್ಣಿಗೆ ಸಿಗಿಸಿದರು. ಕೈ ಬಿಟ್ಟೊಡನೆ ಅದು ಮಡಿಲಿಗೆ ಬಿತ್ತು. ಮತ್ತೆ ಸಿಗಿಸಿದರು. ಹುಬ್ಬು ಬಿಗಿಯಲಿಲ್ಲ, ಕೆನ್ನೆ ಏಳಲಿಲ್ಲ. ಈ ಸಲ ನೆಲಕ್ಕೆ ಬಿದ್ದು ಟಣ್ಣೆಂದಿತು.

“ಯಾಕ್ರೀ ಅದ್ರ ಜೊತೆ ಆಟ?” ಮಾಬೂಬೀ ಬಗ್ಗಿ ಎತ್ತಿಕೊಂಡಳು.

“ಹಿಡ್ಕಳಾಕೂ ಬರಲ್ಲ ಇದಕ್ಕೆ,” ಎಂದರು ಮೆಲ್ಲಗೆ. “ನಲವತ್ತು ವರ್ಷ ಪಕ್ಕದಾಗೇ ಇತ್ತು. ಕಾಣ್ತೈತೇನು ಅಂತ ಒಂದ್ಸಲಾನೂ ಕೇಳಲಿಲ್ಲ ನಾನು.”

ಅವಳು ಗಾಜನ್ನು ಸೆರಗಿನಲ್ಲಿ ಒರೆಸಿ ತನ್ನ ಮುಷ್ಟಿಯಲ್ಲಿ ಇಟ್ಟುಕೊಂಡಳು.

ಸ್ವಲ್ಪ ಹೊತ್ತಿಗೆ ನರ್ಸ್ ಆಪರೇಷನ್ನಿನ ಒಪ್ಪಿಗೆ ಕಾಗದ ಹಿಡಿದು ಬಂದಳು. “ಯಾವ ಕಣ್ಣು ಅಂತ ಬರೀಲಿ?”

“ಎಡಗಣ್ಣು,” ಎಂದು ಅವರು ಪೆನ್ನಿಗೆ ಕೈ ಚಾಚಿದರು. ಸಹಿ ಹಾಕುವ ಗೆರೆ ಎಲ್ಲಿದೆಯೆಂದು ಮಾಬೂಬೀ ಬೆರಳಿಟ್ಟು ತೋರಿಸಿದಳು.