ನಾಳೆ ಬನ್ನಿ

ಕೆಲಸ ಹುಡುಕುವವರಿಗೆ ಬೇರೆಯದೇ ಒಂದು ಭಾಷೆ ಬರಬೇಕು. ನಮ್ಮ ಅತ್ತಿಗೆ ಅದನ್ನು ನಲವತ್ತು ದಾಟಿದ ಮೇಲೆ ಕಲಿತರು. ಅವರು ಕೆಲಸಕ್ಕಿದ್ದ ಹೊಲಿಗೆ ಅಂಗಡಿಗೆ ಬೀಗ ಬಿದ್ದಿತ್ತು, ಕಂಡ ಕಂಡಲ್ಲಿ ಅರ್ಜಿ ಹಾಕುತ್ತಿದ್ದರು. ‘ತಿಳಿಸ್ತೀವಿ’ ಅಂದರೆ ತಿಳಿಸುವುದಿಲ್ಲ. ‘ಫೋನ್ ಮಾಡ್ತೀವಿ’ ಅಂದರೆ ನಂಬರನ್ನೂ ಬರೆದುಕೊಂಡಿಲ್ಲ. ‘ನಿಮಗೆ ಅನುಭವ ಜಾಸ್ತಿ ಆಯ್ತು’ ಅನ್ನುವುದು, ವಯಸ್ಸಾಯಿತು ಎಂದು ನಾಜೂಕಾಗಿ ಹೇಳುವ ರೀತಿ.

ಎಲ್ಲಕ್ಕಿಂತ ಕೆಟ್ಟದ್ದು ‘ನಾಳೆ ಬನ್ನಿ’. ಹೋದರೆ ಸಾಹೇಬರು ಇರುವುದಿಲ್ಲ, ಇದ್ದರೆ ಅವರಿಗೆ ನಮ್ಮ ಗುರುತಿರುವುದಿಲ್ಲ. ಔಷಧದ ಗೋದಾಮಿನವರು ಹೀಗೆ ವಾರವಿಡೀ ಅಲೆಸಿ, ಕೊನೆಗೆ ಬಾಗಿಲಲ್ಲೇ ‘ಆ ಕೆಲಸಕ್ಕೆ ಬೇರೆಯವರು ಬಂದಾಯ್ತಲ್ಲ’ ಎಂದರು. ಅವತ್ತು ಅತ್ತಿಗೆ ಚಪ್ಪಲಿಯನ್ನೂ ಬಿಡದೆ ಕುರ್ಚಿಯಲ್ಲಿ ಕೂತಿದ್ದು ಇನ್ನೂ ನನ್ನ ಕಣ್ಣಿಗೆ ಕಟ್ಟಿದಂತಿದೆ. ಇನ್ನು ಯಾರೇ ನಾಳೆ ಬನ್ನಿ ಅಂದರೂ ಆ ಕಡೆ ತಲೆ ಹಾಕಿಯೂ ಮಲಗುವುದಿಲ್ಲ ಎಂದರು.

ಅಣ್ಣ ತೀರಿಕೊಂಡ ಮೇಲೆ ಎರಡು ಕೋಣೆಯ ಮನೆಯಲ್ಲಿ ನಾವಿಬ್ಬರೇ. ನನ್ನೊಬ್ಬಳ ಸಂಬಳದಲ್ಲಿ ಸಂಸಾರ ಸಾಗುತ್ತಿರಲಿಲ್ಲ. ಅತ್ತಿಗೆಯ ಅಕ್ಕ ಆಗಾಗ ಫೋನ್ ಮಾಡಿ, ‘ನಮ್ಮನೆಗೆ ಬಂದ್ಬಿಡೇ, ಊಟ ಬಟ್ಟೆಗೆ ಕಮ್ಮಿ ಮಾಡ್ತೀನಾ?’ ಅನ್ನುತ್ತಿದ್ದರು. ಆ ಮನೆಯಲ್ಲಿ ಕಮ್ಮಿಯಿದ್ದದ್ದು ಪಾತ್ರೆ ತೊಳೆಯುವ ಎರಡು ಕೈ ಎಂದು ನಮ್ಮಿಬ್ಬರಿಗೂ ಗೊತ್ತಿತ್ತು. ಆದರೂ ತಿಂಗಳ ಕೊನೆಯೊಳಗೆ ಕೆಲಸ ಸಿಗದಿದ್ದರೆ ಹೊರಡುತ್ತೇನೆ ಎಂದು ಅತ್ತಿಗೆ ಒಪ್ಪಿಕೊಂಡುಬಿಟ್ಟರು. ಜಗಳವಾಡಲಾದರೂ ಮನೆಯಲ್ಲಿ ಇನ್ನೊಬ್ಬರು ಬೇಡವೇ?

ತಿಂಗಳು ಮುಗಿಯುತ್ತ ಬಂದಾಗ, ಆಸ್ಪತ್ರೆಯ ಬಟ್ಟೆ ಒಗೆಯುವ ಲಾಂಡ್ರಿಯಿಂದ ಕರೆ ಬಂತು. ಮಾಲೀಕರು ವಯಸ್ಸಾದವರು, ಬಾಯಿ ಬಿಟ್ಟರೆ ಮುತ್ತು ಉದುರೀತು ಎಂದು ಮಾತನ್ನೇ ಆಡದ ಪೈಕಿ. ಅರ್ಜಿ ಓದಲಿಲ್ಲ, ವಯಸ್ಸು ಕೇಳಲಿಲ್ಲ. ಬಿಸಿ ಆರದ ಒಂದು ದೊಡ್ಡ ಚಾದರ ಎತ್ತಿ, ಎರಡು ಮೂಲೆ ತಾವು ಹಿಡಿದು ಇನ್ನೆರಡನ್ನು ಅತ್ತಿಗೆಯ ಕೈಗೆ ಕೊಟ್ಟರು. ಇಬ್ಬರೂ ಜಗ್ಗಿದರು, ಮಡಚಿದರು, ಹತ್ತಿರ ಬಂದು ಮೂಲೆಗೆ ಮೂಲೆ ಸೇರಿಸಿದರು. ಒಂದು ರಾಶಿ ಕರಗುವವರೆಗೂ ಇದೇ ನಡೆಯಿತು. ಆಮೇಲೆ ಅವರು, ‘ಸರಿ, ನಾಳೆ ಬನ್ನಿ’ ಎಂದು ಒಳಗೆ ಹೋದರು.

ಮನೆಗೆ ಬಂದ ಮೇಲೆ, ‘ಏನಾಯ್ತು ಅತ್ತಿಗೆ?’ ಎಂದು ಕೇಳಿದೆ.

‘ಪುಕ್ಕಟೆ ಒಂದು ರಾಶಿ ಮಡಚಿಸ್ಕೊಂಡು ನಾಳೆ ಬನ್ನಿ ಅಂದ್ರು ಕಣೇ.’

ನಾನು ಆ ಮುದುಕರಿಗೆ ಬಾಯಿಗೆ ಬಂದ ಹಾಗೆ ಬೈದೆ. ಅತ್ತಿಗೆ ಬೀರುವಿನ ಮೇಲಿಂದ ಸೂಟ್‌ಕೇಸ್ ಇಳಿಸಿದರು.

ಮರುದಿನ ನಾನು ರಜೆ ಹಾಕಿ ಮನೆಯಲ್ಲೇ ಉಳಿದೆ. ಅವರು ಮಡಚಿಟ್ಟ ಬಟ್ಟೆಯನ್ನು, ಸಹಾಯ ಮಾಡುವ ನೆಪದಲ್ಲಿ, ಬಿಚ್ಚಿ ಮತ್ತೆ ಮಡಚುತ್ತಿದ್ದೆ. ಹೊರಡುವುದು ಆದಷ್ಟು ತಡವಾಗಲಿ ಎಂದು. ಮಧ್ಯಾಹ್ನ ಅತ್ತಿಗೆಯ ಫೋನ್ ರಿಂಗಾಯಿತು. ಲಾಂಡ್ರಿಯ ಮಾಲೀಕರು; ನಾನೂ ಹತ್ತಿರ ಹೋಗಿ ಕಿವಿಗೊಟ್ಟೆ.

‘ಯಾಕಮ್ಮ, ಬರ್ಲೇ ಇಲ್ಲ?’

‘ಎಲ್ಲಿಗೆ ಸರ್?’ ಅತ್ತಿಗೆಗೆ ರೇಗಿತ್ತು.

‘ಕೆಲಸಕ್ಕೆ. ನಾಳೆ ಬನ್ನಿ ಅಂದಿದ್ನಲ್ಲ.’

‘ನಾಳೆ ಬನ್ನಿ ಅಂದ್ರೆ... ನಾಳೆ ಬನ್ನಿ ಅಂತಾನಾ?’

‘ಮತ್ತಿನ್ನೇನು? ಬೆಳಗ್ಗೆಯಿಂದ ಚಾದರದ ಇನ್ನೊಂದು ತುದಿ ಹಿಡಿಯೋರಿಲ್ದೆ ನಿಂತಿದ್ದೀನಿ.’

ನಾನು ಅತ್ತಿಗೆಯ ಪಕ್ಕೆ ತಿವಿದೆ. ‘ಈಗ್ಲೇ ಹೊರಟೆ ಸರ್’ ಎಂದರು. ಆ ಕಡೆಯಿಂದ ಇನ್ನೇನೋ ಹೇಳಿದ್ದು ನನಗೆ ಕೇಳಿಸಲಿಲ್ಲ. ಅತ್ತಿಗೆ ಫೋನ್ ಇಟ್ಟು ಸೂಟ್‌ಕೇಸಿನ ಪಕ್ಕ ನೆಲದಲ್ಲೇ ಕೂತರು. ಕಣ್ಣು ತುಂಬಿತ್ತು, ನಗುತ್ತಲೂ ಇದ್ದರು.

‘ಏನಂತೆ?’

‘ಇವತ್ತು ಹೊತ್ತಾಯ್ತಂತೆ ಕಣೇ. ನಾಳೆ ಬನ್ನಿ ಅಂದ್ರು.’

ಆ ಸೂಟ್‌ಕೇಸನ್ನು ಮೇಲಕ್ಕೆ ಎತ್ತಿಟ್ಟಾಗ ನನಗಾದ ನೆಮ್ಮದಿ ಅಷ್ಟಿಷ್ಟಲ್ಲ. ಈಗ ಲಾಂಡ್ರಿಗೆ ಹೊಸಬರನ್ನು ಆರಿಸುವುದು ಅತ್ತಿಗೆಯೇ. ಅವರೂ ಚಾದರ ಮಡಚಿಸಿಯೇ ನೋಡುತ್ತಾರೆ. ಆಮೇಲೆ, ‘ಕೆಲಸ ನಿಮ್ದೇ. ನಾಳೆ ಊಟದ ಡಬ್ಬಿ ತಗೊಂಡು ಬನ್ನಿ’ ಅನ್ನುತ್ತಾರೆ, ಗೇಟಿನವರೆಗೂ ಹೋಗಿ ಅದನ್ನೇ ಇನ್ನೊಮ್ಮೆ ಹೇಳುತ್ತಾರೆ.